ದುಭಾಷಿಯ ಪೇಟ

ಜಡ್ಜ್ ದೊರೆ ನಿವೃತ್ತನಾಗಿ ಮರುದಿನ ವಿಲಾಯತಿಗೆ ಹೊರಡುವವನಿದ್ದ. ಹದಿನಾಲ್ಕು ವರ್ಷ ಅವನ ಕೋರ್ಟಿನಲ್ಲಿ ಸಾಕ್ಷಿಗಳ ಕನ್ನಡವನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಿದ ದುಭಾಷಿ ವೆಂಕೋಬರಾಯರಿಗೆ ಒಂದು ಅನುಮಾನ ಆರು ವರ್ಷದಿಂದ ಉಳಿದುಬಿಟ್ಟಿತ್ತು.

ಆರು ವರ್ಷದ ಹಿಂದೆ ಒಂದು ಕೊಲೆ ಕೇಸಿನಲ್ಲಿ, ಕೊಲೆ ನಡೆದ ಹೊತ್ತಿಗೆ ಆರೋಪಿ ಕಮ್ಮಾರ ಮೌನೇಶ ತನ್ನ ಮನೆಯಲ್ಲೇ ಕುಡಗೋಲು ತಟ್ಟುತ್ತಿದ್ದ ಎಂದು ಮುದುಕಿಯೊಬ್ಬಳು ಸಾಕ್ಷಿ ನುಡಿದಿದ್ದಳು. ರಾಯರು ಒಂದಕ್ಷರ ಬಿಡದೆ ಅದನ್ನು ಒಪ್ಪಿಸಿದ್ದರು. ಆದರೂ ದೊರೆ ಮೌನೇಶನನ್ನು ಗಲ್ಲಿಗೆ ಹಾಕಿದ. ಲಂಚ ತಿನ್ನದೆ ಯಾವನಾದರೂ ಹಾಗೆ ಮಾಡಿಯಾನೇ? ಹೊರಟು ನಿಂತವನಿಗೆ ಇನ್ನು ಹೆದರುವುದೇನು ಎಂದು ರಾಯರು ದೊರೆಯ ಇಂಗ್ಲಿಷಿನಲ್ಲೇ ಕೇಳಿಯೇಬಿಟ್ಟರು.

"ದೊರೆ, ಹೋಗೋ ಹೊತ್ನ್ಯಾಗರ ಖರೇ ಹೇಳ್ರಿ. ಮೌನೇಶನ ಕೇಸಿನಾಗ ನಿಮಗ ಯಾರು ಏನು ಕೊಟ್ಟಿದ್ರು?"

ದೊರೆ ಅವರ ಬಾಯನ್ನೇ ನೋಡುತ್ತಿದ್ದವನು ನಕ್ಕುಬಿಟ್ಟ. "ಯಾರೂ ಏನೂ ಕೊಡಲಿಲ್ಲ, ರಾವ್. ನನಗೆ ಎಂಟು ವರ್ಷದಿಂದ ಕಿವಿ ಕೇಳಿಸೋದೇ ಇಲ್ಲ. ನಿನ್ನ ತುಟಿ ಓದಿಕೊಂಡೇ ಕೋರ್ಟು ನಡೆಸಿದೆ."

"ಹಂಗಾದ್ರ ಮುದುಕಿ ಮಾತು ನಿಮಗ ತಿಳಿದಿತ್ತಲ್ರಿ!"

"ತಿಳಿದಿತ್ತು. ನೀನು ಸುಳ್ಳು ಹೇಳ್ತಿದ್ದೀ ಅನ್ನೋದೂ ತಿಳಿದಿತ್ತು. ಬೇಕಾದವರನ್ನ ಉಳಿಸೋಕೆ ಸಾಕ್ಷಿ ತಿರುಚುವಾಗಲೆಲ್ಲ ನಿನ್ನ ಕೈ ಪೇಟಕ್ಕೆ ಹೋಗುತ್ತೆ, ಕಳ್ಳ. ಅವತ್ತೂ ಹೋಯ್ತು."

ವೆಂಕೋಬರಾಯರು ತಮ್ಮ ತುಟಿ ದೊರೆಗೆ ಕಾಣದ ಹಾಗೆ ತಲೆ ತಗ್ಗಿಸಿ ಹೇಳಿದರು:

"ಅವತ್ತು ಪೇಟದಾಗ ಇರುವಿ ಹೊಕ್ಕಿತ್ರಿ."