ಹಳಿ ತುಂಡಿನ ಗಂಟೆ

ಐತವಾರ ಹೊತ್ತು ಏರಿದರೂ ಯಂಕಂಚಿಯ ಪ್ರಾರ್ಥನೆ ಕೋಣೆಯ ಮುಂದೆ, ಬೇವಿನ ಗಿಡಕ್ಕೆ ತೂಗುಬಿಟ್ಟ ರೈಲುಹಳಿಯ ತುಂಡು ಸದ್ದು ಮಾಡಲಿಲ್ಲ. ಆ ಸದ್ದು ಕೇಳಿಯೇ ರೊಟ್ಟಿ ಬಡಿಯಲು ಕೂರುತ್ತಿದ್ದ ಪಕ್ಕದ ಮನೆಯ ಜನ್ನತಬಿ ಇವತ್ತು ಕಾದು ಕಾದು, ಹಿಟ್ಟು ನಾದಿದ ಕೈಯಲ್ಲೇ ಎದ್ದು ಬಂದಳು. ಒಳಗೆ ರಾಹೇಲವ್ವ ಒಬ್ಬಳೇ ಚಾಪೆಯ ಮೇಲೆ ಗೋಡೆಗೆ ಮುಖ ಮಾಡಿ ಕೂತಿದ್ದಳು.

"ಅಕ್ಕಾರ, ಆರಾಮ ಅದೀರಿಲ್ಲೋ? ಇವತ್ತ ಗಂಟಿ ಯಾಕ ಬಾರಿಸ್ಲಿಲ್ರಿ?"

"ಯಾರಿಗಿ ಬಾರಿಸ್ಲಿ? ಬರಾವ್ರು ಯಾರದಾರ?"

"ಹೋದ ವಾರ ಯಾರ ಬಂದಿದ್ರಿ?" ಜನ್ನತಬಿಯ ನಾಲಿಗೆ ಮೊದಲಿನಿಂದಲೂ ಚುರುಕು. ರಾಹೇಲವ್ವ ಈ ಕಡೆ ತಿರುಗಿದ ಮೇಲೆ ಆ ಮುಖ ನೋಡಿ ಜನ್ನತಬಿ ಹೊಸ್ತಿಲು ದಾಟಿ ಒಳಗೆ ಬಂದಳು.

ಅವಳು ಕೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಇಲ್ಲಿ ಪ್ರಾರ್ಥನೆ ನಡೆಸುವ ಉಪದೇಶಿಯಾಗಿದ್ದ ರಾಹೇಲವ್ವನ ಗಂಡ ಮಣ್ಣು ಸೇರಿದ್ದ. ಉಳಿದ ಕ್ರೈಸ್ತ ಮನೆಯವರು ಸೊಲ್ಲಾಪುರದ ಗಿರಣಿಗಳಿಗೆ ಹೋಗಿ ಅಲ್ಲೇ ನಿಂತುಬಿಟ್ಟಿದ್ದರು. ಆದರೂ ರಾಹೇಲವ್ವ ಪ್ರತಿ ಐತವಾರ ಗಂಟೆ ಬಾರಿಸಿ, ಸ್ವಲ್ಪ ಹೊತ್ತು ಬಾಗಿಲ ಕಡೆ ನೋಡಿ, ಆಮೇಲೆ ಒಬ್ಬಳೇ ಹಾಡಿ ಪ್ರಾರ್ಥನೆ ಮಾಡಿ ಏಳುತ್ತಿದ್ದಳು.

"ನಾಳಿ ಮಿರಜ್ ದವಾಖಾನ್ಯಾಗ ನನ್ನ ಮಗಳು ಎಸ್ತೇರಳ ಹೊಟ್ಟಿ ಕೊಯ್ತಾರಂತ. ನಿನ್ನಿ ಅಳಿಯನ ಕಡ್ಯಾವ್ರು ಹೇಳಿ ಹೋದ್ರು. ರಾತ್ರಿ ಮಳಿಗಿ ಹಳ್ಳ ತುಂಬಿ ಬಸ್ಸು ನಿಂತೈತಿ. ಮಗಳ ಹಂತ್ಯಾಕ ಹೋಗೂ ದಾರಿನ ಇಲ್ಲ."

"ಹಂಗಾದ್ರ ನಿಮ್ಮ ದೇವರಿಗಿ ಹೇಳ್ರಿ."

"ನಮ್ಮ ಸಭಾದಾಗ ತನ್ನ ಸಂಕಟಾ ತಾನ ಬೇಡ್ಕೊಳ್ಳೂ ಪದ್ಧತಿ ಇಲ್ಲ. ನಾ ನನ್ನ ಚಿಂತಿ ಹೇಳೂದು, ಮಗ್ಗಲ ಕುಂತಾವ್ರು ಅದಕ್ಕ ಪ್ರಾರ್ಥನಿ ಮಾಡೂದು. ಅವರ ಚಿಂತಿಗಿ ನಾ. ಯಜಮಾನ್ರು ಹಂಗ ಕಲಿಸಿದ್ರು." ರಾಹೇಲವ್ವ ಖಾಲಿ ಚಾಪೆಯನ್ನು ಸವರಿದಳು. "ಇಡೀ ಓಣಿ ಸಂಬಂಧ ಬೇಡೇನಿ, ನಿನ್ನ ಮೊಳಕಾಲ ಬ್ಯಾನಿಗಿ ಸೈತ. ನನ್ನ ಸಂಬಂಧ ಬೇಡಾಕ ಯಾರೂ ಉಳಿದಿಲ್ಲ."

"ನನ್ನ ಮೊಳಕಾಲಿಗಿ? ಮತ್ತ ಕಡಿಮಿ ಆಗವಲ್ದಲ್ರಿ!" ನಗಲು ಹೋದ ಜನ್ನತಬಿಗೆ ನಗು ಬರಲಿಲ್ಲ. ಮೊಣಕಾಲು ಹಿಡಿದುಕೊಂಡು ಮೆಲ್ಲಗೆ ಚಾಪೆಯ ಮೇಲೆ ಕೂತಳು. "ನಿಮ್ಮ ಪ್ರಾರ್ಥನಿ ನನಗ ಬರಂಗಿಲ್ಲ. ನಮ್ಮಂಗ ಕೇಳಿದ್ರ ನಡೀತೈತೇನ್ರಿ?"

ರಾಹೇಲವ್ವ ಹೂಂ ಎಂದು ತಲೆಯಾಡಿಸಿ ಕಣ್ಣು ಮುಚ್ಚಿದಳು.

ಜನ್ನತಬಿ ಸೆರಗು ತಲೆಯ ಮೇಲೆಳೆದುಕೊಂಡು ಎರಡೂ ಅಂಗೈ ಬಿಚ್ಚಿದಳು. ಬೆರಳುಗಳಿಗೆ ಜೋಳದ ಹಿಟ್ಟು ಮೆತ್ತಿತ್ತು. "ಮಾಲಿಕ, ಎಸ್ತೇರಳನ್ನ ಉಳಿಸು. ಡಾಕ್ಟರ ಕೈ ನಡುಗದಂಗ ನೋಡ್ಕೊ. ಮತ್ತ ಈ ಅಕ್ಕಾರು..." ಅವಳು ರಾಹೇಲವ್ವನ ಕಡೆ ನೋಡಿದಳು. "ಒಬ್ಬರ ಅದಾರ. ಇವರ ಜೋಡಿ ಇರು."

ರಾಹೇಲವ್ವ ಮನಸಾರೆ ಅತ್ತಳು. ಸಾಯುವ ಹಿಂದಿನ ರಾತ್ರಿ ತೋಟದಲ್ಲಿ ಒಬ್ಬನೇ ಮೊಣಕಾಲೂರಿದ ಯೇಸುಸ್ವಾಮಿ ಅವಳ ಕಣ್ಣ ಮುಂದೆ ಬಂದ. ತನ್ನ ಜೊತೆ ಎಚ್ಚರವಾಗಿರಿ ಎಂದು ಅವನೂ ಅಂದು ಮನುಷ್ಯರನ್ನು ಬೇಡಿದ್ದ. ಒಂಟಿತನ ಬಲ್ಲವನ ಕೈಗೇ ಮಗಳನ್ನು ಒಪ್ಪಿಸಿಯಾಯಿತು ಎನಿಸಿದಾಗ ಅವಳ ಎದೆಬಡಿತ ನಿಧಾನವಾಯಿತು. ಹಳ್ಳದ ಮೊರೆತ ಇನ್ನೂ ಕೇಳುತ್ತಲೇ ಇತ್ತು. ಮಿರಜಿನ ಸುದ್ದಿ ಯಾವಾಗ ಬಂದೀತೋ ಗೊತ್ತಿರಲಿಲ್ಲ.

ಅವಳು ಕಣ್ಣೊರೆಸಿಕೊಂಡು ಎದ್ದು ಹೊರಗೆ ಹೋದಳು. ಸುತ್ತಿಗೆ ಎತ್ತಿ ಹಳಿಯ ತುಂಡಿಗೆ ಜೋರಾಗಿ ಬಡಿದಳು.

"ಎಲ್ಲಾ ಮುಗದ ಮ್ಯಾಲ ಯಾರನ್ನ ಕರ್ಯಾಕತ್ತೀರಿ ಅಕ್ಕಾರ?" ಬಾಗಿಲಲ್ಲಿ ನಿಂತು ಜನ್ನತಬಿ ಕೇಳಿದಳು.

"ಇಷ್ಟ ವರ್ಷ ಕರ್ಯಾಕ ಬಾರಿಸಿದ್ನಿ. ಇದು, ಬಂದಾರಂತ ಹೇಳಾಕ."