ವಾರಿಜಳ ಅರ್ಧ ಟಿಪ್ಪಣಿ

ಒಂದೊಂದು ಪ್ರೋಗ್ರಾಮಿಂಗ್ ಭಾಷೆಗೂ ಒಂದೊಂದು ಬೀದಿಯಿರುವ ಊರು ನಮ್ಮದು. ಭಾಷೆ ಕಟ್ಟಿದವರು ಆನ್‌ಲೈನಿನಲ್ಲಿ ಬರೆದಿಟ್ಟ ಟಿಪ್ಪಣಿಯಂತೆಯೇ ಬೀದಿಯವರು ಬದುಕುತ್ತಾರೆ.

ಎದುರುಮನೆಯ ವಾರಿಜ ತಾನು ಕಟ್ಟಿದ ಭಾಷೆಯ ಟಿಪ್ಪಣಿಯನ್ನು ಅರ್ಧಕ್ಕೇ ಬಿಟ್ಟು, ‘ತಲೆಗೆ ಎಣ್ಣೆ ಹಚ್ಚಿದ್ದೇನೆ, ಸ್ನಾನ ಮಾಡಿ ಬಂದು ಮುಂದುವರಿಸುತ್ತೇನೆ’ ಎಂದು ಬರೆದಿದ್ದಳು. ಅಂದಿನಿಂದ ಅವಳ ಬೀದಿಯಲ್ಲಿ ತಲೆಗೆ ಎಣ್ಣೆ ಹಚ್ಚದೆ ಯಾರೂ ಕೀಬೋರ್ಡ್ ಮುಟ್ಟುವುದಿಲ್ಲ.

ನಾನೂ ಒಂದು ಭಾಷೆ ಕಟ್ಟಿ, ಟಿಪ್ಪಣಿಯನ್ನು ಒಂದು ಸಾಲೂ ಬಿಡದೆ ಪೂರ್ತಿ ಬರೆದಿದ್ದೇನೆ. ಆದರೆ ಬಳಸುವವರಿಲ್ಲದ ನನ್ನ ಭಾಷೆಗೆ ಮಾತ್ರ ಬೀದಿಯೇ ಇಲ್ಲ. ಅವಳ ಬೀದಿಯಲ್ಲೇ ಬಾಡಿಗೆಗಿದ್ದೇನೆ.

“ಅದಿನ್ನೂ ಮುಗಿದಿಲ್ಲ ಅಂದ್ರೂ ಕೇಳಲ್ಲ ಕಣೇ,” ಎಂದು ವಾರಿಜ ನಗುತ್ತಾಳೆ. ಆ ನಗು ಕಂಡರೆ ನನ್ನ ಹೊಟ್ಟೆ ಉರಿಯುತ್ತದೆ.

ಇವತ್ತು ನನ್ನ ಟಿಪ್ಪಣಿಯ ಅರ್ಧ ಅಳಿಸಿ, ‘ಹಾಲು ಉಕ್ಕುತ್ತಿದೆ, ಬಂದೆ’ ಎಂದು ಸೇರಿಸಿದೆ.

ಸಂಜೆ ಬಾಗಿಲಲ್ಲಿ ಪಾತ್ರೆ ಹಿಡಿದ ಗುಂಪು.

“ಮೇಡಂ, ಹಸುವಿನ ಹಾಲೋ, ಎಮ್ಮೇದೋ?”

ಉತ್ತರ ಹೇಳುವ ಮೊದಲು, ವಾರಿಜ ಕಿಟಕಿಯಲ್ಲಿದ್ದಾಳೆಯೇ ಎಂದು ನೋಡಿದೆ.