ಗಡಿಗೆಯ ತಳದ ಹೆಪ್ಪು

ಆ ಊರಿನಲ್ಲಿ ಧೈರ್ಯವನ್ನೂ ಮೊಸರಿನ ಹಾಗೆ ರಾತ್ರಿ ಗಡಿಗೆಯಲ್ಲಿ ಹೆಪ್ಪು ಹಾಕಿಟ್ಟು, ಬೆಳಿಗ್ಗೆ ಒಂದು ಚಮಚ ತಿಂದು ಕೆಲಸಕ್ಕೆ ಹೋಗುವುದು ವಾಡಿಕೆ. ವಿಶ್ವವಿದ್ಯಾಲಯದಲ್ಲಿ ಭೂಗೋಳ ಕಲಿಸುವ ನೀಲಾಂಬಿಕಾ ಅವರ ಗಡಿಗೆ ಮಾತ್ರ ಹೋದ ತಿಂಗಳಿಂದ ಬರಿದಾಗಿತ್ತು. ಊರ ಕೆರೆಗಳ ಬಗ್ಗೆ ಯಾರೂ ಹೇಳದೆ ತಾವೇ ಕಟ್ಟಿದ ಹೊಸ ಕೋರ್ಸನ್ನು ಸಭೆಯ ಮುಂದಿಡಲು ಹೊರಟ ದಿನ, ಗಾಬರಿಯಲ್ಲಿ ಹೆಪ್ಪಿಗೂ ಉಳಿಸದೆ ಗಡಿಗೆಯನ್ನೇ ಬಳಿದು ತಿಂದಿದ್ದರು. ಸಭೆ ಕೋರ್ಸನ್ನು ಒಪ್ಪಲಿಲ್ಲ. ಇವತ್ತು ಮಧ್ಯಾಹ್ನ ಮತ್ತೆ ಅದೇ ಸಭೆಯ ಮುಂದೆ ನಿಲ್ಲಬೇಕು.

ಊರಿಗೆಲ್ಲ ಹೆಪ್ಪು ಕೊಟ್ಟವರಿಗೆ ಈಗ ಕೇಳಲು ನಾಚಿಕೆ. ಕೊನೆಗೆ, ಒಂದು ಕಾಲಕ್ಕೆ ತಮ್ಮ ವಿದ್ಯಾರ್ಥಿಯಾಗಿದ್ದು ಈಗ ಪಕ್ಕದ ಮೇಜಿನಲ್ಲಿ ಕೂರುವ ಅತಿಥಿ ಉಪನ್ಯಾಸಕ ದಸ್ತಗೀರನ ಮುಂದೆ ಖಾಲಿ ಬಟ್ಟಲು ಇಟ್ಟರು.

"ಚೂರು ಹೆಪ್ಪು ಇದ್ರ ಕೊಡಪಾ."

"ಅದಕ್ಯಾಕ ಇಷ್ಟು ಸಂಕೋಚ ಮೇಡಂ, ತಗೋರಿ," ಎಂದು ಅವನು ತನ್ನ ಡಬ್ಬಿಯಿಂದ ಬಟ್ಟಲು ತುಂಬಿಸಿದ.

ಒಂದು ಚಮಚ ಬಾಯಿಗಿಟ್ಟವರು ಅಲ್ಲಿಯೇ ನಿಂತರು. ಒಂದೊಂದು ಮನೆಯ ಧೈರ್ಯಕ್ಕೆ ಒಂದೊಂದು ರುಚಿ. ಈ ಸಣ್ಣ ಒಗರು ತಮ್ಮ ಮನೆಯದೇ.

"ಇದನ್ನ ಯಾರು ಕೊಟ್ಟಿದ್ರು?"

"ನೀವ ಕೊಟ್ಟಿದ್ರಲ್ಲರಿ, ನಾ ಓದು ಬಿಡ್ತೇನಿ ಅಂತ ಅಳಕೋತ ಬಂದಾಗ. ಅವತ್ತಿಂದ ಒಂದಿನಾನೂ ಕೆಡಸಿಲ್ಲ."

ನೀಲಾಂಬಿಕಾ ಸೆರಗಿನಿಂದ ಕಣ್ಣೊರೆಸಿಕೊಂಡರು. ತಾವು ಕೊಟ್ಟದ್ದು ಇಷ್ಟು ಗಟ್ಟಿ ಇರಲಿಲ್ಲ.

"ಎಲ್ಲಾ ತಿಂದಬಿಡ್ರಿ ಮೇಡಂ, ದೊಡ್ಡ ಸಭಾ ಐತಿ."

"ಬ್ಯಾಡಪಾ," ಎಂದು ಅವರು ಬಟ್ಟಲಿನ ಬಾಯಿ ಮುಚ್ಚಿದರು. "ಅವರು ಏನರ ಹೇಳ್ಲಿ, ರಾತ್ರಿ ಹೆಪ್ಪು ಹಾಕಬೇಕು."